ಒಣಗದ ಕೆಂಪು

ಅಮ್ಮನ ಶವಪೆಟ್ಟಿಗೆಯ ಮೇಲೆ ದೊಡ್ಡಪ್ಪ ಹೊದಿಸಿದ್ದ ಬಿಳಿ ಬಟ್ಟೆಯನ್ನು ಮಗಳು ಸರ್ರನೆ ಎಳೆದುಕೊಂಡು, ಓಣಿ ದಾಟಿ, ಅಮ್ಮ ಇಪ್ಪತ್ತೆರಡು ವರ್ಷ ದುಡಿದ ಬಟ್ಟೆ ಮುದ್ರಣದ ಶೆಡ್ಡಿಗೆ ನುಗ್ಗಿದಳು. ಉದ್ದನೆಯ ಮೇಜಿನ ಮೇಲೆ ಅದನ್ನು ಬಿಗಿಯಾಗಿ ಹರಡಿ ಅಂಚಿಗೆಲ್ಲ ಗುಂಡುಸೂಜಿ ಚುಚ್ಚತೊಡಗಿದಳು.

ದೊಡ್ಡಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು.

“ಹೊರಡೋ ಹೊತ್ತಲ್ಲಿ ಏನಮ್ಮಾ ಇದು?”

“ಕೆಂಪು ಹೊದ್ಕೊಂಡೇ ಹೋಗ್ತೀನಿ ಅಂದಿದ್ಲು ಅಮ್ಮ. ತಾನೇ ಬರೆದ ಹೂವಿಂದು.”

“ಜ್ವರದಲ್ಲಿ ಸಾವಿರ ಅಂತಾರೆ. ಇದು ಸಾವಿನ ಮನೆ, ಮದುವೆ ಮನೆಯಲ್ಲ. ನಾಲ್ಕು ಜನ ಏನಂದಾರು?”

“ಬದುಕಿದ್ದಾಗಲೂ ಅಂತಿದ್ರಲ್ಲ, ದೊಡ್ಡಪ್ಪ. ಅವಳಿಗೆ ಅಭ್ಯಾಸ ಆಗಿದೆ.”

ಇಷ್ಟೂ ವರ್ಷ ಅಮ್ಮನ ಎದುರು ನಿಂತು ಬಣ್ಣ ಎಳೆದ ಜೊತೆಗಾರ, ಗೋಡೆಗೊರಗಿದ್ದ ಅಚ್ಚಿನ ಸ್ಕ್ರೀನುಗಳ ಹಿಂದಿನಿಂದ ಒಂದನ್ನು ಎತ್ತಿ ತಂದ. ಅದರ ಜಾಲರಿಯಲ್ಲಿ ಅಂಗೈಯಗಲದ ಹೂಗಳು. ಇಷ್ಟು ಕೆಂಪು ಯಾರು ಉಡ್ತಾರೆ ಎಂದು ಶೆಡ್ಡಿನ ಸಾಹುಕಾರರು ಒಂದು ಗಜವೂ ಅಚ್ಚು ಹಾಕಿಸದೆ ಮೂಲೆಗೆ ತಳ್ಳಿಸಿದ್ದ ಚಿತ್ತಾರ.

“ತೊಳೆದು ಖಾಲಿ ಮಾಡು ಅಂತ ಮೂರು ಸಲ ಹೇಳಿದ್ರು,” ಎಂದ ಜೊತೆಗಾರ. “ಮೂರು ಸಲವೂ ನಂಗೆ ಕಿವಿ ಕೇಳಿಸ್ಲಿಲ್ಲ.”

*

ಅಮ್ಮ ಮೊದಲು ಇಲ್ಲಿಗೆ ಬಂದದ್ದು ಸ್ಕ್ರೀನು ತೊಳೆಯುವ ಕೆಲಸಕ್ಕೆ. ಅಗಲ ಬಟ್ಟೆಗೆ ಬಣ್ಣ ಎಳೆಯಲು ಇಬ್ಬರು ಬೇಕು. ಒಬ್ಬ ಬಣ್ಣ ಒತ್ತುವ ರಬ್ಬರ್ ಪಟ್ಟಿಯನ್ನು ಮೇಜಿನ ನಡುವಿನವರೆಗೆ ತಳ್ಳಿದರೆ, ಎದುರಿನವ ಅದು ನಿಲ್ಲದಂತೆ ಹಿಡಿದು ತನ್ನತ್ತ ಎಳೆದುಕೊಳ್ಳಬೇಕು. ಇಬ್ಬರ ಕೈಭಾರವೂ ಒಂದೇ ಇರಬೇಕು. ಹೆಂಗಸಿನ ಕೈಗೆ ಭಾರವೆಲ್ಲಿ ಎಂದು ಶೆಡ್ಡಿಗೆ ಶೆಡ್ಡೇ ನಕ್ಕಿತ್ತು. ಎದುರಿನವ ರಜೆ ಹಾಕಿದ ದಿನ ಅವಳು ತೋಳೇರಿಸಿ ಬಂದು ನಿಂತಳು. ಸ್ಕ್ರೀನು ಎತ್ತಿ ನೋಡಿದರೆ ಜೊತೆಗಾರನ ಅರ್ಧದಲ್ಲಿ ಬಣ್ಣ ತೆಳು; ಅವಳ ಅರ್ಧದಲ್ಲಿ ಅದು ಬಟ್ಟೆ ದಾಟಿ ಮೇಜಿಗೇ ಇಳಿದಿತ್ತು.

“ಯಾರ ಮೇಲಮ್ಮಾ ಸಿಟ್ಟು? ನನ್ನ ಮೇಲೋ, ಬಟ್ಟೆ ಮೇಲೋ?”

“ನಕ್ಕರಲ್ಲ, ಅವರ ಮೇಲೆ. ಇನ್ನೊಂದು ಹಾಸಿ.”

*

“ಗಟ್ಟಿಯಾಗಿ ಹಿಡಿ, ಮರಿ. ನಡುವೆ ನಿಲ್ಲಿಸಿದ್ರೆ ಗೆರೆ ಬೀಳುತ್ತೆ,” ಎಂದ ಜೊತೆಗಾರ, ಪಟ್ಟಿ ತಳ್ಳುತ್ತ.

ಮಗಳು ಹಿಡಿದಳು, ಎಳೆದಳು. ಮೂರು ಸಲ ಸ್ಕ್ರೀನು ಸರಿಸುವಷ್ಟರಲ್ಲಿ ಬಿಳಿ ಅಂಚಿಗಷ್ಟೇ ಉಳಿಯಿತು. ಎರಡನೆಯ ಸಲ ಅವಳ ಕೈ ತಡವರಿಸಿ ಒಂದು ಹೂವಿನ ಮೇಲೆ ಗೆರೆ ಬಿದ್ದಿತ್ತು.

“ಇರಲಿ ಬಿಡು. ನಿಮ್ಮಮ್ಮ ನೋಡಿದ್ರೆ ಬೈದು ಎದ್ದು ಕೂರ್ತಿದ್ಲು.”

ದೊಡ್ಡಪ್ಪ ಬಾಗಿಲಿನಿಂದ ಕದಲಿರಲಿಲ್ಲ. “ಒಣಗೋಕೆ ಎಷ್ಟು ಹೊತ್ತು?”

“ಒಂದು ಗಂಟೆನಾದ್ರೂ ಬೇಕು.”

“ಜನ ಬಿಸಿಲಲ್ಲಿ ನಿಂತಿದ್ದಾರೆ. ಆಗಲ್ಲ. ಬೇರೆ ಬಿಳಿ ಬಟ್ಟೆ ತರಿಸ್ತೀನಿ.”

“ತರಿಸಿ,” ಎಂದಳು ಮಗಳು ಸೂಜಿ ಕೀಳುತ್ತ. “ಅಷ್ಟರಲ್ಲಿ ನಾವು ಹೊರಟಿರ್ತೀವಿ. ಹಸಿಯಾಗೇ ಹೊದಿಸ್ತೀನಿ.”

ಅವಳೂ ಜೊತೆಗಾರನೂ ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ಓಣಿಗೆ ತಂದರು. ಜನ ಗೋಡೆಗಂಟಿಕೊಂಡು ದಾರಿ ಬಿಟ್ಟರು. ಹಸಿ ಬಟ್ಟೆ ಹೊದಿಸಿದ ಪೆಟ್ಟಿಗೆ ಎತ್ತುವಾಗ ಹಿರಿಯರೆಂದು ದೊಡ್ಡಪ್ಪನೇ ಮುಂದೆ ಹೆಗಲು ಕೊಡಬೇಕಾಯಿತು. ಅವರ ಜೋಡಿಗೆ ಮಗಳು ನಿಂತಳು.

ಸ್ಮಶಾನದ ಗೇಟಿನಲ್ಲಿ ಹೆಗಲು ಬದಲಿಸಲು ನಿಂತಾಗ, ದೊಡ್ಡಪ್ಪನ ಇಸ್ತ್ರಿ ಅಂಗಿಯ ಮೇಲೆ ಒಂದು ಹೂ ಪೂರ್ತಿ ಅಚ್ಚಾಗಿತ್ತು. ಒಂದು ಎಸಳು ಕುತ್ತಿಗೆಗೂ ಹತ್ತಿತ್ತು. ಅವರು ಕರವಸ್ತ್ರ ತೆಗೆದು ಒರೆಸಿಕೊಂಡರು. ಒರೆಸಿದಷ್ಟೂ ಕೆಂಪು ಎದೆಯತ್ತ ಹರಡುತ್ತ ಹೋಯಿತು.