ಹೆಸರೆಲ್ಲ ಹಸುಗಳ ಪಾಲಾಗಿತ್ತು

ಓಡೈಪಟ್ಟಿಯ ತಂಗವೇಲ್ ಮನೆಯಲ್ಲಿ ಮೂರು ತಲೆಮಾರಿನಿಂದ ಹೆಣ್ಣು ಹುಟ್ಟಿರಲಿಲ್ಲ. ಹುಟ್ಟಿದರೆ ಆ ಕೂಸಿನ ಹೆಸರಲ್ಲಿ ಒಂದು ಪ್ರಾಣಿಯೋ ಪಕ್ಷಿಯೋ ಇರಲೇಬೇಕು, ಅದನ್ನು ಅಜ್ಜನೇ ಇಡಬೇಕು ಅನ್ನುವುದು ಮನೆತನದ ಕಟ್ಟಳೆ. ಕಟ್ಟಳೆ ಇತ್ತು, ಹೆಣ್ಣು ಇರಲಿಲ್ಲ. ಅಷ್ಟೊಂದು ಒಳ್ಳೊಳ್ಳೆ ಹೆಸರುಗಳು ಸುಮ್ಮನೆ ದಂಡವಾಗುವುದೇಕೆ ಎಂದು ತಂಗವೇಲ್ ಅವನ್ನೆಲ್ಲ ಕೊಟ್ಟಿಗೆಯ ಹೆಣ್ಣುಕರುಗಳಿಗೆ ಇಟ್ಟುಬಿಟ್ಟಿದ್ದ. ಜಿಂಕೆಯ ಹೆಸರಿನ ಹರಿಣಿ, ನವಿಲಿನ ಮಯೂರಿ, ಕೋಗಿಲೆಯ ಕೋಕಿಲಾ, ಮೀನಿನ ಕಣ್ಣಿನ ಮೀನಾಕ್ಷಿ, ಗೊರವಂಕದ ಸಾರಿಕಾ, ಹೀಗೆ ಹದಿನಾಲ್ಕು ಹಸು. ಅದನ್ನು ಕೊಟ್ಟಿಗೆ ಅನ್ನುವುದಕ್ಕಿಂತ ಹುಡುಗಿಯರ ಹಾಸ್ಟೆಲ್ ಅನ್ನಬಹುದಿತ್ತು.

ಅವನಿಗೆ ಅರವತ್ತೆರಡಾದಾಗ, ಯಾರೂ ಎಣಿಸದೆ, ಮೊಮ್ಮಗಳು ಹುಟ್ಟಿದಳು.

ಸೊಸೆ ಮಣಿಮೇಗಲೈ ಬಾಣಂತನ ಮುಗಿಸಿ ದಿಂಡಿಗಲ್‌ನ ತವರಿನಿಂದ ಬಂದವಳು, ಮಾವನ ಎದುರು ಕೂತು ಮೆಲ್ಲಗೆ ಹೇಳಿದಳು: “ಮಾಮಾ, ಯಾವ ಹಸುವೂ ಓಗೊಡದ ಹೆಸ್ರು ಇಡಿ. ನನ್ನ ಮಗಳು ಪಳ್ಳಿಕೂಡಕ್ಕೆ ಓದಾಕೆ ಹೋಗೋವಾಗ ಹಿಂದೆ ಹಸು ಬರ್ಬಾರ್ದು. ಶುಕ್ರವಾರದೊಳಗೆ ಸಿಕ್ಕದಿದ್ರೆ ನಮ್ಮಪ್ಪ ಇಡ್ತಾರೆ. ಅವ್ರು ಚೀಟೀಲಿ ಬರ್ಕೊಂಡು ರೆಡಿಯಾಗವ್ರೆ.”

ತಂಗವೇಲ್‌ಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಬೀಗ ತಮಿಳ್‌ಸೆಲ್ವನ್ ನಿವೃತ್ತ ಮೇಷ್ಟ್ರು, ಚೀಟಿ ಬರೆದರೆ ಮುಗಿಯಿತು. ಮೂರು ತಲೆಮಾರು ಕಾದ ಹೆಸರನ್ನು ದಿಂಡಿಗಲ್‌ನವರಿಗೆ ಬಿಟ್ಟುಕೊಡುವುದೇ?

ಮಗ ಕಾರ್ತಿ ಫೋನು ತೆಗೆದ. “ಇದ್ರಲ್ಲಿ ಪಟ್ಟಿಯೇ ಇದೆ ಅಪ್ಪಾ. ಲಿಯೋನಾ ಅಂದ್ರೆ ಹೆಣ್ಣು ಸಿಂಹ. ರೇಚಲ್ ಅಂದ್ರೆ ಕುರಿ. ಉರ್ಸುಲಾ ಅಂದ್ರೆ ಪುಟ್ಟ ಕರಡಿ.”

“ನೀನೂ ಹುಟ್ಟಿದಾಗ ಕರಡಿ ಹಂಗೇ ಇದ್ದೆ,” ಅಂದಳು ತಾಯಿ ಮುನಿಯಮ್ಮಾಳ್, ಅವರೆಕಾಯಿ ಸುಲಿಯುತ್ತಾ. “ಆದ್ರೂ ಕಾರ್ತಿ ಅಂತ ಮರ್ಯಾದೆಯಾಗಿ ಕರೆದ್ವಿ.”

ಆ ಪಟ್ಟಿ ಕೂಸಿಗೆ ಒದಗದಿದ್ದರೂ ತಂಗವೇಲ್‌ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಹಸುವಿನ ಹೆಸರು ಬದಲಾಯಿಸಿದರೆ ಹಳೆಯ ಹೆಸರು ಖಾಲಿಯಾಗುತ್ತದಲ್ಲ! ತಾಯಿ ಸತ್ತ ಹರಿಣಿಯನ್ನು ಅವನೇ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದ. ಅವನಿಗೆ ಎಲ್ಲಕ್ಕಿಂತ ಪ್ರಿಯವಾದ ಹೆಸರೂ ಅದೇ. ಕೈಯಲ್ಲಿ ಹಿಂಡಿ ಹಿಡಿದು ಅದರ ಮುಂದೆ ನಿಂತ.

“ಇವತ್ತಿಂದ ನೀನು ಉರ್ಸುಲಾ. ತಿಳೀತಾ?”

ಹಸು ಹಿಂಡಿ ತಿಂದಿತು. ಎರಡು ದಿನ ಅವನು ಉರ್ಸುಲಾ, ಉರ್ಸುಲಾ ಎಂದು ಗಂಟಲು ಹರಿದುಕೊಂಡ. ಅದು ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಅತ್ತಿತ್ತ ನೋಡಿತು. ಮೂರನೆಯ ದಿನ ದ್ರಾಕ್ಷಿ ತೋಟದಲ್ಲಿದ್ದ ಕಾರ್ತಿ ಮರೆತು “ಹರಿಣಿಗೆ ನೀರಿಟ್ರಾ?” ಎಂದು ಕೂಗಿದ್ದೇ ತಡ, ಹಸು ಹಗ್ಗ ಕಿತ್ತುಕೊಂಡು ಚಪ್ಪರದ ಕೆಳಗೆ ನುಗ್ಗಿ, ನಾಲ್ಕು ಕಂಬ ಕೆಡವಿ, ಅವನ ಮುಂದೆ ಬಂದು ನಿಂತಿತು.

ಇನ್ನು ಉಳಿದದ್ದು ಒಂದೇ ದಾರಿ. ಕಂಬಂ ಊರಿನ ಕುಲದೇವರ ದೊಡ್ಡಿಗೆ ಹಸು ಬಿಡುವುದು ಅವರ ಜನರ ಹಳೆಯ ವಾಡಿಕೆ. ದೊಡ್ಡಿ ಸೇರಿದ ಹಸುವನ್ನು ಮನೆಯ ಹೆಸರಿಂದ ಯಾರೂ ಕರೆಯುವಂತಿಲ್ಲ. ಅದು ಸಾಮಿ ಹಸು, ಅಷ್ಟೇ. ಗುರುವಾರ ನಸುಕಿನಲ್ಲಿ, ಸೊಸೆ ಏಳುವ ಮೊದಲೇ, ತಂಗವೇಲ್ ಹರಿಣಿಯನ್ನು ವ್ಯಾನು ಹತ್ತಿಸಿದ.

“ಬುದ್ಧಿ ಕೆಟ್ಟಿದೆಯಾ ನಿಮ್ಗೆ? ಮನೆ ಹಾಲೆಲ್ಲ ಅದ್ರದ್ದೇ!” ಎಂದು ಮುನಿಯಮ್ಮಾಳ್ ಬೀದಿಯ ತುದಿಯವರೆಗೂ ಬೈಯುತ್ತಾ ಬಂದಳು.

ಉತ್ತಮಪಾಳಯಂ ದಾಟಿ ವ್ಯಾನು ಕಂಬಂ ಸೇರುವವರೆಗೂ ತಂಗವೇಲ್ ಹಸುವಿನ ಕತ್ತು ಸವರುತ್ತಿದ್ದ. ದೊಡ್ಡಿ ನೋಡಿಕೊಳ್ಳುವ ಅಳಗರ್ ಹಗ್ಗ ತೆಗೆದುಕೊಳ್ಳುತ್ತಾ ಕೇಳಿದ, “ಮನೇಲಿ ಏನಂತ ಕರೀತಿದ್ರಿ ಅಣ್ಣಾ?” ತಂಗವೇಲ್ ಹಗ್ಗದಿಂದ ಕೈ ಬಿಟ್ಟ. “ಹೆಸ್ರಿಲ್ಲ. ಸಾಮಿ ಹಸು.” ವಾಪಸು ಬರುವಾಗ ವ್ಯಾನಿನಲ್ಲಿ ಕೂತು ನಾಚಿಕೆಯಿಲ್ಲದೆ ಅತ್ತ. ಮಗಳನ್ನು ಗಂಡನ ಮನೆಗೆ ಕಳಿಸಿದವರಿಗೆ ಹೀಗೇ ಆಗುತ್ತದೇನೋ ಎಂದುಕೊಂಡ.

ಶುಕ್ರವಾರ ಮನೆ ತುಂಬ ನೆಂಟರು. ಬೀಗರು ಜೇಬಿನ ಚೀಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಂಗವೇಲ್ ಕೂಸಿನ ಕಿವಿಯಲ್ಲಿ ಮೂರು ಸಲ “ಹರಿಣಿ” ಅಂದ. ಮಣಿಮೇಗಲೈ ಕೊಟ್ಟಿಗೆಯ ಕಡೆ ಕಿವಿಗೊಟ್ಟಳು. ಯಾರೂ ಓಗೊಡಲಿಲ್ಲ.

“ಎಲ್ಲಾರ್ಗೂ ಕೇಳೋ ಹಂಗೆ ಒಂದ್ಸಲ ಕರೀರಿ ಬೀಗರೇ,” ಅಂದರು ತಮಿಳ್‌ಸೆಲ್ವನ್.

ತಂಗವೇಲ್ ಎದ್ದು ನಿಂತ. ಹೆಣ್ಣುಮಗುವನ್ನು ಕರೆದು ಅವನಿಗೆ ಅಭ್ಯಾಸವೇ ಇರಲಿಲ್ಲ. ಕತ್ತು ಮೇಲೆತ್ತಿ, ಕೈಯನ್ನು ಬಾಯಿಯ ಪಕ್ಕ ಹಿಡಿದು, ಎದೆಯಾಳದಿಂದ ಎಳೆದ: “ಹರಿಣೀ... ಬಾರಮ್ಮಾ... ಬಾ ಬಾ ಬಾ!”

ಕೊಟ್ಟಿಗೆಯ ಬಾಗಿಲು ಮುರಿದ ಸದ್ದಾಯಿತು. ಹಿಂಡಿ ಹಂಚುತ್ತಿದ್ದಾರೆಂದು ತಿಳಿದ ಹಸುಗಳು ಅಂಗಳಕ್ಕೆ ನುಗ್ಗಿದವು. ಬಾಗಿಲಿಗೆ ಕಟ್ಟಿದ್ದ ಬಾಳೆಕಂಬ ಮಯೂರಿಯ ಪಾಲಾಯಿತು, ಕೋಕಿಲಾ ಕೇಸರಿಬಾತಿನ ಪಾತ್ರೆಗೆ ಮೂತಿ ಹಾಕಿದಳು, ಮೇಷ್ಟ್ರು ಪಂಚೆ ಎತ್ತಿಕೊಂಡು ಕುರ್ಚಿ ಹತ್ತಿದರು.

ತಂಗವೇಲ್ ಕೈ ಮುಗಿದ. “ತಪ್ಪಾಯ್ತಮ್ಮಾ. ಪ್ರೀತಿಯಾಗಿ ಕರೆಯಾಕೆ ನಂಗೆ ಬೇರೆ ದನಿ ಗೊತ್ತಿಲ್ಲ.”

ಮಣಿಮೇಗಲೈ ಅವನ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಗಳದಲ್ಲಿದ್ದ ಹಸುಗಳನ್ನು ಎಣಿಸುತ್ತಿದ್ದಳು. ಹದಿಮೂರಿದ್ದವು.

“ಮಾಮಾ, ಹರಿಣಿ ಎಲ್ಲಿ?”

ತಂಗವೇಲ್ ತಲೆ ತಗ್ಗಿಸಿದ. ಉತ್ತರ ಕೊಟ್ಟವಳು ಮುನಿಯಮ್ಮಾಳ್. “ನಿನ್ನ ಮಡಿಲಲ್ಲೇ ಅವ್ಳೆ ಕಣಮ್ಮಾ.”

ಮಣಿಮೇಗಲೈ ಎದ್ದು, ಹಸುಗಳ ನಡುವೆ ಜಾಗ ಮಾಡಿಕೊಂಡು ಬಂದು, ಕೂಸನ್ನು ಮಾವನ ಕೈಗೆ ಕೊಟ್ಟಳು.

“ಇನ್ನೊಂದ್ಸಲ ಕರೀರಿ ಮಾಮಾ,” ಅಂದಳು. “ಹಂಗೇ ಕರೀರಿ.”