ಸಾತಮ್ಮನ ಕಲ್ಚಟ್ಟಿ

ನಾನು ಹುಟ್ಟಿದ್ದು ಬೆಟ್ಟದ ಹೊಟ್ಟೆಯಲ್ಲಿ, ರೂಪ ಪಡೆದದ್ದು ಹಾಸನದ ಕಡೆಯ ಒಂದು ಹಳ್ಳಿಯಲ್ಲಿ, ಬೇವಿನ ಮರದ ಕೆಳಗೆ. ಬಳಪದ ಕಲ್ಲು ಮೆತ್ತನೆಯ ಜಾತಿ. ಉಗುರಿನಲ್ಲಿ ಗೀಚಿದರೂ ಗೆರೆ ಬೀಳುತ್ತದೆ. ಹಾಗಾಗಿ ನನ್ನನ್ನು ಕಡೆದವನಿಗೆ ದೊಡ್ಡ ಕಷ್ಟವೇನೂ ಆಗಲಿಲ್ಲ. ವೀಳ್ಯ ಮೆಲ್ಲುತ್ತಾ, ಪಕ್ಕದವನ ಜೊತೆ ಹರಟುತ್ತಾ ಉಳಿ ಆಡಿಸಿದ. ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ನನಗೊಂದು ಹೊಟ್ಟೆ ಬಂದಿತ್ತು, ಸಂಜೆಯೊಳಗೆ ಎರಡು ಕಿವಿ. ಬಾಯಿ ಮಾತ್ರ ಒಂದಿಷ್ಟು ಓರೆಯಾಯಿತು. ಅವನು ನನ್ನನ್ನು ತಿರುಗಿಸಿ ನೋಡಿ, "ನಡೀತದೆ ಬಿಡು" ಎಂದ. ನನ್ನ ಬಗ್ಗೆ ಈ ಲೋಕ ಆಡಿದ ಮೊದಲ ಮಾತು ಅದು. ಇವತ್ತಿಗೂ ನೆನೆಸಿಕೊಂಡರೆ ಬೇಸರವಾಗುತ್ತದೆ.

ಒಣಹುಲ್ಲು ಸುತ್ತಿಸಿಕೊಂಡು, ಗಾಡಿಯಲ್ಲಿ ಕುಲುಕುತ್ತಾ ಚನ್ನಪಟ್ಟಣದ ಸಂತೆಗೆ ಬಂದೆ. ಅಲ್ಲಿ ನನ್ನನ್ನು ಆರಿಸಿಕೊಂಡವಳು ಸಾತಮ್ಮ. ಆಗವಳು ಹೊಸದಾಗಿ ಸಂಸಾರ ಹೂಡಿದ ಹುಡುಗಿ. ಸಾಲಾಗಿ ಕೂತಿದ್ದ ನಮ್ಮನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಕೊನೆಗೆ ನನ್ನನ್ನು ಎತ್ತಿಕೊಂಡಳು. ನನ್ನ ಓರೆ ಬಾಯಿ ಅವಳ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ಹೊಟ್ಟೆಗೆ ಹಾಕಿಕೊಂಡಳೋ, ನನಗೆ ಗೊತ್ತಿಲ್ಲ.

ಕಲ್ಲಿನ ಪಾತ್ರೆಯನ್ನು ತಂದ ದಿನವೇ ಒಲೆಗೆ ಇಟ್ಟರೆ ಸಿಡಿದುಹೋಗುತ್ತದೆ. ಅದನ್ನು ಪಳಗಿಸಬೇಕು. ಸಾತಮ್ಮ ನನಗೆ ಹರಳೆಣ್ಣೆ, ಅರಿಸಿನ ಬಳಿದು ಬಿಸಿಲಿಗೆ ಕೂರಿಸಿದಳು. ದಿನಾ ಬಿಸಿ ಗಂಜಿ ಹೊಯ್ದಳು. ಬಾಣಂತಿಗೂ ಅಷ್ಟು ಉಪಚಾರ ನಡೆಯುವುದಿಲ್ಲ. ಬೂದುಬಣ್ಣದ ನಾನು ಕರ್ರಗಾದೆ, ನುಣ್ಣಗಾದೆ, ಆಮೇಲೆ ಒಲೆ ಏರಿದೆ.

ಹುಳಿಯ ಅಡುಗೆಗೆ ನಾನೇ ಬೇಕು. ಪಕ್ಕದಲ್ಲಿ ಮಿರಿಮಿರಿ ಮಿಂಚುತ್ತಿದ್ದ ಹಿತ್ತಾಳೆ ತಪ್ಪಲೆಗೆ ಎಷ್ಟು ಜಂಬವಿದ್ದರೇನು, ಕಲಾಯಿ ಹೋಯಿತೆಂದರೆ ಹುಣಸೆ ನೀರು ಕಂಡು ನಡುಗುತ್ತಿತ್ತು. ನನಗೆ ಆ ಭಯವಿಲ್ಲ. ನನ್ನದೊಂದೇ ಹಟ: ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಕುದಿಯುತ್ತಲೇ ಇರುತ್ತೇನೆ. ಅಡುಗೆ ಇನ್ನೇನು ಆಗಬೇಕು ಅನ್ನುವಾಗಲೇ ನನ್ನನ್ನು ಇಳಿಸಬೇಕು. ಆ ಗಳಿಗೆ ಸಾತಮ್ಮನಿಗೆ ಗೊತ್ತಿತ್ತು. ಅವಳಿಗದು ಮೂಗಿನಿಂದ ಗೊತ್ತಾಗುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟು. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಬಡಿಸಿದ ಮೇಲೆ ಏನಾಗಿದೆಯೋ ಅದು. ಸಾತಮ್ಮ ಹಿಡಿ ಉಪ್ಪು ಹಾಕಿ, ಸೌಟಾಡಿಸಿ, ನನ್ನ ಮೇಲೆ ಬಾಗಿ ಆವಿಯನ್ನು ಒಳಗೆಳೆದುಕೊಳ್ಳುತ್ತಿದ್ದಳು. ಕಡಿಮೆಯಿದ್ದರೆ ಇನ್ನೊಂದು ಚಿಟಿಕೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ನೆನಪಿಟ್ಟುಕೊಳ್ಳುತ್ತಲೇ ಇರಲಿಲ್ಲ. ಬಾಗಿ ಉಸಿರೆಳೆದರೆ ತಿಳಿಯುತ್ತಿತ್ತಲ್ಲ.

ಬೇಸಿಗೆ ಎಂದರೆ ನನಗೆ ಸುಗ್ಗಿ. ಹಿತ್ತಿಲಿನ ನುಗ್ಗೆ, ಹೊಲದಂಚಿನ ಎಳೆ ಸೌತೆ, ಸಂತೆಯ ಗುಂಡು ಬದನೆ, ಬೂದುಗುಂಬಳ, ಆಮೇಲೆ ಹಲಸಿನ ಬೀಜ, ಎಲ್ಲವೂ ನನ್ನ ಹೊಟ್ಟೆಯಲ್ಲಿ ಬೆಂದು ಹೋದವು. ಎಲ್ಲಕ್ಕಿಂತ ಮಿಗಿಲಾದದ್ದು ಮಾವಿನಕಾಯಿ ಗೊಜ್ಜು. ಮರದಿಂದ ಅದೇ ಬೆಳಗ್ಗೆ ಕಿತ್ತ, ತೊಟ್ಟಿನಲ್ಲಿ ಇನ್ನೂ ಸೊನೆ ಜಿನುಗುವ ಕಾಯಿ, ಹುರಿದ ಎಳ್ಳು, ಮೆಂತ್ಯ, ಒಣಮೆಣಸಿನಕಾಯಿ, ಕೊಬ್ಬರಿ, ಮೇಲೆ ಅಚ್ಚುಬೆಲ್ಲ. ರಾಮನವಮಿಯ ದಿನ ನೆಂಟರಿಷ್ಟರೆಲ್ಲ ಸೇರುತ್ತಿದ್ದರು. ಪಾನಕ, ಕೋಸಂಬರಿ ಯಾರ ಮನೆಯಲ್ಲಿ ಇರುವುದಿಲ್ಲ? ಅವರು ಬರುತ್ತಿದ್ದದ್ದು ಆ ಗೊಜ್ಜಿಗೆ. ನಾನಿದ್ದೆನೆಂಬ ಕಾರಣಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಅಂಥ ಗೊಜ್ಜು ಅದು.

ಸಾತಮ್ಮನ ಮಗ ಶ್ರೀಕಂಠ ಮೇಷ್ಟರಾದ, ಮದುವೆಯಾಯಿತು, ತುಮಕೂರಿನಿಂದ ವನಜಾಕ್ಷಿ ಸೊಸೆಯಾಗಿ ಬಂದಳು. ಮಾತು ಕಡಿಮೆ, ಕೆಲಸ ಚುರುಕು. ಬಂದ ವರ್ಷದ ರಾಮನವಮಿಯಲ್ಲೇ ಅವಳು ಎಡವಿದಳು. ಅತ್ತೆ ಆಚೆ ಹೋದಾಗ ಗೊಜ್ಜಿನ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿಬಿಟ್ಟಳು. ರುಚಿಯ ಆಸೆಗಲ್ಲ, ಸರಿಯಾಗಿದೆಯೋ ಇಲ್ಲವೋ ಎಂಬ ಆತಂಕಕ್ಕೆ. ಸಾತಮ್ಮ ಬಾಗಿಲಲ್ಲೇ ನಿಂತಿದ್ದಳು.

"ದೇವರಿಗಿಂತ ಮುಂಚೆ ನಿನ್ನ ನಾಲಿಗೆಗೆ ಅವಸರವೇನೇ?" ಎಂದಳು. ಇಕ್ಕಳದಲ್ಲಿ ನನ್ನನ್ನು ಎತ್ತಿ, ಹಿತ್ತಿಲಿಗೆ ಹೋಗಿ, ಅಷ್ಟೂ ಗೊಜ್ಜನ್ನು ಬಾಳೆಯ ಬುಡಕ್ಕೆ ಸುರಿದಳು. ಮತ್ತೆ ಮೊದಲಿನಿಂದ ಮಾಡಿದಳು. ಆವತ್ತಿನಿಂದ ಹಬ್ಬದ ದಿನ ವನಜಾಕ್ಷಿಗೆ ಈಳಿಗೆಮಣೆ ಮತ್ತು ಒರಳು, ಅಷ್ಟೇ. ಒಲೆಯ ಹತ್ತಿರ ಅವಳನ್ನು ಬಿಟ್ಟುಕೊಳ್ಳಲಿಲ್ಲ. ಅವಳೂ ಕೇಳಲಿಲ್ಲ. ಹೆಚ್ಚುತ್ತಾ, ರುಬ್ಬುತ್ತಾ ವರ್ಷಗಳು ಹೋದವು. ನನಗೆ ಸಾತಮ್ಮನ ಮೇಲೆ ಪ್ರಾಣ, ಆದರೂ ಆ ದಿನ ಅವಳು ಮಾಡಿದ್ದು ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ.

ಒಂದು ಮಾಘದಲ್ಲಿ ಸಾತಮ್ಮನಿಗೆ ಕೆಟ್ಟ ನೆಗಡಿ, ಜ್ವರ ಬಂತು. ಮಲಗಿದವಳು ಎದ್ದು ಬಂದು ಮೆಂತ್ಯ ಹುರಿಯತೊಡಗಿದಳು. ಮೆಂತ್ಯ ಕೆಂಪಾಯಿತು, ಕಪ್ಪಾಯಿತು, ಹೊಗೆಯೆದ್ದಿತು. ಅವಳು ಹುರಿಯುತ್ತಲೇ ಇದ್ದಳು. ಹೊಗೆ ಕಣ್ಣಿಗೆ ಹೊಕ್ಕಾಗಲೇ ಕೈ ನಿಂತದ್ದು. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಡಬ್ಬಿಯನ್ನು ಮುಚ್ಚಿ, ಗೋಡೆಗೊರಗಿ ಕೂತುಬಿಟ್ಟಳು. ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಅವಳ ನಾದಿನಿ ಪಾರ್ವತಮ್ಮ ಮೈಸೂರಿನಲ್ಲಿದ್ದಳು. ಪ್ರತಿ ರಾಮನವಮಿಗೂ ಮಕ್ಕಳು ಮರಿಗಳೊಂದಿಗೆ ಬಂದಿಳಿದು, "ಯಾಕೆ ಸಾಯ್ತೀಯೆ ಸಾತೂ, ನಮ್ಮ ಅಡುಗೆ ಭಟ್ಟರನ್ನ ಕರ್ಕೊಂಡು ಬರ್ತೀನಿ, ನೀನು ನಮ್ಮ ಜೊತೆ ಪಡಸಾಲೇಲಿ ಕೂತ್ಕೋ" ಎನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು. ಆದರೆ ಸಾತಮ್ಮನಿಗೆ ಒಲೆಯ ಮುಂದಿನ ಮಣೆ ಬಿಟ್ಟರೆ ಈ ಭೂಮಿಯ ಮೇಲೆ ತನ್ನದೆನ್ನುವ ಜಾಗವಿರಲಿಲ್ಲ. ಗಂಡ ಇದ್ದಾಗಲೂ, ಹೋದ ಮೇಲೂ, ಸಂತೋಷಕ್ಕೂ ಸಂಕಟಕ್ಕೂ ಅವಳು ಬಂದು ಕೂರುತ್ತಿದ್ದದ್ದು ಅಲ್ಲೇ. ಅದು ಕೈಬಿಟ್ಟರೆ ತಾನು ಏನೂ ಅಲ್ಲ ಎಂಬ ದಿಗಿಲು.

ಆ ದಿಗಿಲಿನಲ್ಲೇ ಅಡುಗೆ ನಡೆಯಿತು. ಒಂದು ದಿನ ಎಲ್ಲರೂ ಉಂಡೆದ್ದ ಮೇಲೆ ತಾನು ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಬಿದ್ದಿಲ್ಲ. ಮಗ ಒಂದು ಮಾತೂ ಆಡದೆ ಎಲೆಯ ತುದಿಯ ಉಪ್ಪನ್ನು ಕಲಸಿಕೊಂಡು ಉಂಡು ಎದ್ದಿದ್ದ. ಅವನು ಬೈದಿದ್ದರೇ ಚೆನ್ನಾಗಿತ್ತೋ ಏನೋ. ಇನ್ನೊಂದು ದಿನ ಪಕ್ಕದಲ್ಲೇ ಹಾಲು ತಳ ಹಿಡಿದು ಸೀಯುತ್ತಿದ್ದರೂ ಹೂಬತ್ತಿ ಹೊಸೆಯುತ್ತಾ ಕೂತಿದ್ದಳು. ವನಜಾಕ್ಷಿ ಓಡಿ ಬಂದು ಇಳಿಸಿದಳು, ಅತ್ತೆಯ ಮುಖವನ್ನೊಮ್ಮೆ ನೋಡಿದಳು, ಒಳಗೆ ಹೋದಳು.

ರಾಮನವಮಿ ಬಂತು. ಹಿಂದಿನ ಸಂಜೆಯೇ ಬಂದಿದ್ದ ಪಾರ್ವತಮ್ಮ ಸೊರಗಿದ ಸಾತಮ್ಮನನ್ನು ನೋಡಿ ಖಡಾಖಂಡಿತವಾಗಿ ಹೇಳಿದಳು: "ಈ ಸಲ ಒಂದು ನೋಡ್ತೀನಿ. ಅಡುಗೇಲಿ ಏನಾದ್ರೂ ಏರುಪೇರಾದ್ರೆ ಮುಂದಿನ ವರ್ಷ ಭಟ್ಟರೇ. ನಿನ್ನ ಮಾತು ಕೇಳೋಳಲ್ಲ ನಾನು." ಸಾತಮ್ಮ ನಕ್ಕಳು. ಒಳಗೆ ಬಂದು, ಆಗಲೇ ತೊಳೆದಿಟ್ಟಿದ್ದ ನನ್ನನ್ನು ಮತ್ತೊಮ್ಮೆ ತೊಳೆದಳು.

ಬೆಳಗ್ಗೆ ನನ್ನ ತುಂಬ ಮಾವಿನ ಹೋಳು ಬೆಂದವು. ಸಾತಮ್ಮ ಉಪ್ಪು ಹಾಕಿದಳು, ಕರಿಬೇವು ಕೀಳಲು ಹಿತ್ತಿಲಿಗೆ ಹೋದಳು. ಇತ್ತ ಒರಳಿನ ಹತ್ತಿರವಿದ್ದ ವನಜಾಕ್ಷಿಗೆ ಆ ಸಪ್ಪೆ ಸಾರಿನ ನೆನಪು. ಇವತ್ತೂ ಮರೆತಿದ್ದರೆ ಎಲ್ಲರೆದುರು ಮಾನ ಹೋಗುತ್ತದೆಂದು, ಮೆಲ್ಲನೆ ಬಂದು ಒಂದು ಹಿಡಿ ಉಪ್ಪು ಹಾಕಿ ಸರಸರನೆ ಜಾಗಕ್ಕೆ ಹೋದಳು. ಸಾತಮ್ಮ ಮರಳಿ ಬಂದಳು. ನನ್ನ ಮೇಲೆ ಬಾಗಿ ಉಸಿರೆಳೆದಳು, ಏನೂ ತಿಳಿಯಲಿಲ್ಲ. ಹಾಕಿದೆನೇ, ಇಲ್ಲವೇ? ಹೆದರಿಕೆಯಲ್ಲಿ ಇನ್ನೊಂದು ಹಿಡಿ ಹಾಕಿಯೇಬಿಟ್ಟಳು. ನಾಲಿಗೆಗೆ ಮುಟ್ಟಿಸುವ ಪದ್ಧತಿಯಿದ್ದ ಮನೆಯಲ್ಲಾಗಿದ್ದರೆ ಇಂಥ ಪೇಚು ಬರುತ್ತಲೇ ಇರಲಿಲ್ಲ. ಇಡೀ ಮನೆಯಲ್ಲಿ ರುಚಿ ಗೊತ್ತಿದ್ದದ್ದು ನನಗೊಬ್ಬನಿಗೆ, ನನಗೋ ಬಾಯಿದ್ದೂ ಮಾತಿಲ್ಲ.

ಕುದಿ ಏರಿತು, ಆವಿ ಒರಳಿನ ತನಕ ಹೋಯಿತು. ವನಜಾಕ್ಷಿಯ ಕೈ ನಿಂತಿತು. ಇಷ್ಟು ವರ್ಷ ದೂರದಲ್ಲೇ ಕೂತು ಆ ಆವಿಯನ್ನು ಮೂಸಿದ್ದವಳು ಅವಳು.

"ಅತ್ತೆ, ಗೊಜ್ಜಿಗೆ ಉಪ್ಪು ಬಹಳ ಆಗಿದೆ" ಎಂದಳು.

"ನಿನಗೆ ಹೇಗೆ ಗೊತ್ತು? ಬಾಯಿಗೆ ಹಾಕ್ಕೊಂಡ್ಯಾ?"

"ಇಲ್ಲ. ವಾಸನೆ ಬಂತು."

ಸಾತಮ್ಮ ಸೌಟನ್ನು ಕೆಳಗಿಟ್ಟಳು. ಪಡಸಾಲೆಯಲ್ಲಿ ನೆಂಟರ ನಗು ಕೇಳುತ್ತಿತ್ತು. "ನನಗೆ ಬರ್ಲಿಲ್ಲ ಕಣೇ" ಎಂದಳು ಬಹಳ ಮೆತ್ತಗೆ. "ಜ್ವರ ಬಂದಾಗಿಂದ ಏನೂ ಬರ್ತಿಲ್ಲ. ಇಂಗು ಹಿಡ್ಕೊಂಡ್ರೂ ಮಣ್ಣು ಹಿಡ್ಕೊಂಡ ಹಾಗಿದೆ."

"ಗೊತ್ತು ಅತ್ತೆ. ಹಾಲು ಸೀದ ದಿನವೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಹೇಳ್ಲಿಲ್ವೋ ಅದಕ್ಕೇ. ನೀವು ಮರೆತಿರ್ತೀರಿ ಅಂತ ನಾನೂ ಒಂದು ಹಿಡಿ ಹಾಕ್ಬಿಟ್ಟೆ."

ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಸಾತಮ್ಮನ ಕಣ್ಣು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು, "ಸರಿ. ಒಂದು ತೊಟ್ಟು ಅಂಗೈಗೆ ಹಾಕ್ಕೊಂಡು ನೋಡು. ಎಷ್ಟಾಗಿದೆ ಹೇಳು. ದೇವರಿಗೆ ನಾನು ಹೇಳ್ಕೋತೀನಿ" ಎಂದಳು.

ವನಜಾಕ್ಷಿ ಎಷ್ಟು ಸುಲಭವಾಗಿ ಆ ಹಳೆಯ ಲೆಕ್ಕ ತೀರಿಸಿಕೊಳ್ಳಬಹುದಿತ್ತು. ಅವಳು ತಲೆಯಾಡಿಸಿದಳು. "ಬೇಡ ಅತ್ತೆ. ಏನು ಹಾಕ್ಬೇಕು ಅಂತ ನೀವು ಹೇಳಿ. ಹೇಗಾಯ್ತು ಅಂತ ನಾನು ಮೂಸಿ ಹೇಳ್ತೀನಿ." ಹೀಗೆಂದು, ಬಂದ ವರ್ಷದಿಂದ ಹಬ್ಬದ ದಿನ ಕೂರದಿದ್ದ ಒಲೆಯ ಮುಂದೆ, ಅತ್ತೆಯ ಪಕ್ಕದಲ್ಲಿ ಬಂದು ಕೂತಳು. ಆ ಖುಷಿಗೆ ನನಗೆ ಕುದಿಯುವುದಕ್ಕೆ ಬೇರೆ ಬೆಂಕಿಯೇ ಬೇಡವಾಗಿತ್ತು.

ಉಪ್ಪಿಲ್ಲದ ಇನ್ನಷ್ಟು ಹೋಳು ಬಿದ್ದವು, ಬೆಲ್ಲ ಬಿತ್ತು, ಮತ್ತೆ ರುಬ್ಬಿದ ಮಸಾಲೆ ಬಿತ್ತು. "ಹುಳಿ ಮುಂದಿದೆ ಅತ್ತೆ." "ಬೆಲ್ಲ ಹಾಕು." "ಎಳ್ಳು ಕಾಣ್ತಿಲ್ಲ." "ಇನ್ನೊಂದು ಮುಷ್ಟಿ." ಗೊಜ್ಜು ನನ್ನ ಕಂಠದ ತನಕ ಬಂದಾಗ ಅರ್ಧವನ್ನು ಹೊಸ ಕಲಾಯಿಯ ತಪ್ಪಲೆಗೆ ಬಗ್ಗಿಸಿದರು. ಅದಕ್ಕೆ ಆವತ್ತು ಬಂದ ಜಂಬ ಹೇಳತೀರದು.

ನೈವೇದ್ಯವಾಯಿತು, ಎಲೆ ಹಾಕಿದರು. ಪಾರ್ವತಮ್ಮ ಗೊಜ್ಜನ್ನು ಕಲಸಿ ಉಂಡು, ಮತ್ತೆ ಹಾಕಿಸಿಕೊಂಡು, "ಸಾತೂ, ನಿನ್ನ ಕೈ ಹಾಗೇ ಇದೆ ಬಿಡು" ಎಂದಳು. ಆ ಮಾತನ್ನು ಹಾಗೇ ನುಂಗಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸಾತಮ್ಮ ಬಡಿಸುವ ಸೌಟನ್ನು ಹಿಡಿದು ಪಂಕ್ತಿಯ ನಡುವೆ ನಿಂತಳು. "ನನ್ನ ಮೂಗು ಹೋಗಿದೆ ಪಾರೂ. ಇದು ವನಜನ ಮೂಗಿಂದ ಆದ ಅಡುಗೆ. ಇನ್ಮೇಲೆ ನಾವಿಬ್ಬರೂ ಸೇರಿ ಹೀಗೇ ಮಾಡೋದು. ಭಟ್ಟರು ಬೇಡ" ಎಂದು ಹೇಳಿ, ಮುಂದಿನ ಎಲೆಗೆ ಬಡಿಸಿದಳು.

ಆಮೇಲಿನ ಬೇಸಿಗೆಗಳೇ ನನ್ನ ಬದುಕಿನ ಚೆಂದದ ಕಾಲ. ವನಜಾಕ್ಷಿ ಸೌಟು ಹಿಡಿಯುವಳು, ಸಾತಮ್ಮ ಪಕ್ಕದ ಮಣೆಯ ಮೇಲೆ ಕೂರುವಳು. ಒಗ್ಗರಣೆ ಸಿಡಿದರೆ, ನುಗ್ಗೆ ಬೆಂದರೆ, ಸೌತೆಯ ಹಸಿ ಹೋದರೆ, ಪ್ರತಿಯೊಂದನ್ನೂ ವನಜಾಕ್ಷಿ ಗಟ್ಟಿಯಾಗಿ ಹೇಳುವಳು. ಸಾತಮ್ಮ ಕಣ್ಣು ಮುಚ್ಚಿ ಕೇಳುವಳು. ಹಾಗೆ ಕೇಳಿ ಕೇಳಿಯೇ ಅವಳಿಗೆ ಆ ವಾಸನೆಗಳೆಲ್ಲ ಬರುತ್ತಿದ್ದವು ಎಂದು ನನ್ನ ನಂಬಿಕೆ. ಕೊನೆಗೆ "ಸರಿ, ಇಳಿಸು" ಎನ್ನುವಳು. ಅವಳು ಹೇಳುವ ತನಕ ವನಜಾಕ್ಷಿ ನನ್ನನ್ನು ಇಳಿಸುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಸಾತಮ್ಮ ನಿದ್ದೆಯಲ್ಲೇ ತೀರಿಕೊಂಡಳು. ವರ್ಷ ಕಳೆದು, ಮತ್ತೆ ಮಾವು ಬಂದಾಗ ವನಜಾಕ್ಷಿ ಒಬ್ಬಳೇ ನನ್ನ ಮುಂದೆ ಕೂತು ಗೊಜ್ಜಿಗಿಟ್ಟಳು. ಬೆಲ್ಲ ಕರಗಿತು, ಎಳ್ಳಿನ ಘಮ ಎದ್ದಿತು. "ಎಳ್ಳಿನ ವಾಸನೆ ಬಂತು ಅತ್ತೆ" ಎಂದಳು. ಅಂದವಳು ಸೌಟನ್ನು ಹಿಡಿದು ಹಾಗೇ ಕೂತಳು. ಪಕ್ಕದ ಮಣೆಯಿಂದ ಮಾತು ಬರಲಿಲ್ಲ. ಗೊಜ್ಜು ಗಟ್ಟಿಯಾಯಿತು, ತಳ ಹಿಡಿಯಿತು, ಸೀದ ಹೊಗೆ ಎದ್ದಿತು. ಅಷ್ಟು ಚುರುಕು ಮೂಗಿನವಳು, ಅವಳಿಗೆ ತಿಳಿಯಲಿಲ್ಲವೆಂದರೆ ನಾನು ನಂಬಲಾರೆ. ತಿಳಿದೂ ಕಾಯುತ್ತಿದ್ದಳು.

ಊಟಕ್ಕೆ ಕೂತ ಶ್ರೀಕಂಠ ಆ ಸೀದ ಗೊಜ್ಜನ್ನು ಉಂಡ. ಹೆಂಡತಿಯ ಕೆಂಪು ಕಣ್ಣುಗಳನ್ನು ನೋಡಿದ. "ಇನ್ನೊಂದು ಸೌಟು ಹಾಕು" ಎಂದ.

ಈಗ ಆ ಮನೆಗೂ ಗ್ಯಾಸ್ ಬಂದಿದೆ, ಕುಕ್ಕರ್ ಸೀಟಿ ಹೊಡೆಯುತ್ತದೆ. ನನಗೊಂದು ಸಣ್ಣ ಬಿರುಕು ಬಿಟ್ಟಿದ್ದರಿಂದ ಒಲೆ ತಪ್ಪಿತು. ಅಟ್ಟಣೆಯ ಮೂಲೆಯಲ್ಲಿ ಹುಣಸೆಹಣ್ಣು ತುಂಬಿಕೊಂಡು ಕೂತಿದ್ದೇನೆ. ದೂರೇನಿಲ್ಲ. ಉಂಡು ಮುಗಿಯುವುದೇ ಅಡುಗೆಯ ಗುಣ, ಒಂದು ಹೊತ್ತಿನ ಊಟ ಇನ್ನೊಂದು ಹೊತ್ತಿಗೆ ಉಳಿಯುವುದಿಲ್ಲ. ಮಾಡಿದವರು ಮಾತ್ರ ನನ್ನೊಳಗೆ ಇಂಗಿದ್ದಾರೆ, ಕಲ್ಲಿಗೆ ಎಣ್ಣೆ ಇಂಗಿದ ಹಾಗೆ.

ಮೊನ್ನೆ ಬೇಸಿಗೆಗೆ ಬಂದ ವನಜಾಕ್ಷಿಯ ಮಗಳು ಚಂಪಾ ನನ್ನನ್ನು ಬರಿದು ಮಾಡಿ ತೊಳೆಯತೊಡಗಿದಳು. ತಳದಲ್ಲಿ ಕಲ್ಲಿಗಿಂತ ಕಪ್ಪಾಗಿ ಕಚ್ಚಿಕೊಂಡಿದ್ದ ಕರಕನ್ನು ಕಂಡು, "ಏನಮ್ಮ ಇದು, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ" ಎಂದಳು.

ವನಜಾಕ್ಷಿ ಬಂದು ನನ್ನನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಉಜ್ಜಬೇಡ ಬಿಡೇ. ಅದು ನಾನು ಅತ್ತೆಗೆ ಕಾದದ್ದು."