ಬಾಲ ಕತ್ತರಿಸಿದ ಮಾತು

ಭಾನುವಾರ ಚರ್ಚಿನಲ್ಲಿ ಪಾಸ್ಟರು ಮಾಡುವ ಪ್ರಸಂಗವನ್ನು ಮೊಬೈಲಿನಲ್ಲಿ ಹಿಡಿದು, ಮೂವತ್ತು ಸೆಕೆಂಡಿಗೆ ಕತ್ತರಿಸಿ ಸಭೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು ಟೈಲರಮ್ಮನ ಸೇವೆ. ಬಟ್ಟೆ ಕತ್ತರಿಸುವ ಕೈಗೆ ಇದೇನು ಮಹಾ ಎಂದುಕೊಂಡಿದ್ದಳು.

ಆ ವಾರ ಪಾಸ್ಟರು ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯ ಮೇಲೆ ಮಾತಾಡಿದರು. "ಮೂಲೆಯ ಔಷಧಿ ಅಂಗಡಿಯ ಮಾತ್ರೆ ಕಲಬೆರಕೆ, ಅಲ್ಲಿಗೆ ಕಾಲಿಡಬೇಡಿ ಅಂತ ಮೊಬೈಲಲ್ಲಿ ಬಂದ್ರೆ ನಂಬಬೇಡಿ" ಎಂದರು. ಮೂವತ್ತನೆಯ ಸೆಕೆಂಡು 'ಕಾಲಿಡಬೇಡಿ' ಎಂಬಲ್ಲಿಗೇ ಮುಗಿಯಿತು. ನಮ್ಮ ನುಡಿಯಲ್ಲಿ ಮಾತಿನ ಜೀವ ಇರುವುದು ಬಾಲದಲ್ಲಿ. ಆ ಬಾಲವೇ ಹೊರಗುಳಿಯಿತು.

ಮಂಗಳವಾರ ಯಾರೋ ಅಂಗಡಿಗೆ ಕಲ್ಲು ತೂರಿದರು. ಟೈಲರಮ್ಮ ಎದ್ದುಬಿದ್ದು ಅಲ್ಲಿಗೆ ಓಡಿದಳು. ಅವಳ ತಾಯಿಯ ಉಬ್ಬಸಕ್ಕೆ ಹದಿನೈದು ವರ್ಷ ಮದ್ದು ಕೊಟ್ಟವನು ಗಾಜು ಗುಡಿಸುತ್ತಿದ್ದ.

"ಬಾರಮ್ಮ, ದೇವರ ಮಗಳೇ. ಕಾಲಿಡಬೇಡಿ ಅಂದೋರು ನೀವೇ ಕಾಲಿಟ್ರಲ್ಲ!"

"ಅಣ್ಣಾ, ತುಂಡು ಮಾಡಿದ್ದು ನಾನು. ಪೂರ್ತಿ ಕೇಳಿ."

ಅವಳು ಚಾಚಿದ ಮೊಬೈಲಿಗೆ ಕಿವಿಗೊಟ್ಟು ಕೇಳಿದ. ಮುಖದ ಗಂಟು ಸಡಿಲಲಿಲ್ಲ.

"ಇದನ್ನ ನನಗ್ಯಾಕೆ ಕೇಳಿಸ್ತೀಯ? ನಂಬಿದೋರು ಅಲ್ಲಿದ್ದಾರೆ. ಹೀಗೇ ಆದ್ರೆ ತಿಂಗಳಲ್ಲಿ ಬಾಗಿಲು ಹಾಕ್ತೀನಿ. ಹೋಗು. ಗಾಜಿದೆ, ನೋಡ್ಕೊಂಡು."

ಪೂರ್ತಿ ಪ್ರಸಂಗವನ್ನು ಗುಂಪಿಗೆ ಹಾಕಿದಳು. ಯಾರೂ ತೆರೆದು ನೋಡಲಿಲ್ಲ. ಸಭೆಯ ಹಿರಿಯ ಅವಳನ್ನು ದಾರಿಯಲ್ಲೇ ತಡೆದ.

"ನಲವತ್ತು ನಿಮಿಷ ಯಾರು ನೋಡ್ತಾರೆ ತಾಯಿ? ಚಿಕ್ಕದೇ ಚೆನ್ನಾಗಿತ್ತು. ಪಾಸ್ಟರು ಸುಮ್ಮನೆ ಹೇಳ್ತಾರಾ?"

"ಅವರು ಹಾಗೆ ಹೇಳಲೇ ಇಲ್ಲ!"

"ಕಿವಿಯಾರೆ ಕೇಳಿದ್ದೀನಿ, ಮೊಬೈಲಲ್ಲಿ."

"ಮಾವಾ, ಅವತ್ತು ಮೊದಲ ಬೆಂಚಿನಲ್ಲೇ ಕೂತಿದ್ರಲ್ಲ ನೀವು!"

"ಆಗ ಕಣ್ಣು ಮುಚ್ಚಿ ಧ್ಯಾನ ಮಾಡ್ತಿದ್ದೆ" ಎಂದು ಅವನು ಗುರ್ರೆಂದ.

ಮುಂದಿನ ಭಾನುವಾರ ಚರ್ಚಿನ ಮೈಕಿನ ಮುಂದೆ ನಿಂತಳು. ಎಲ್ಲೆಡೆ ಮೊಬೈಲುಗಳು ಮೇಲೆದ್ದವು. ವಾರವೆಲ್ಲ ಹೊಲಿಗೆಯ ಮೇಲೆ ಬಗ್ಗಿ ಹೇಳಬೇಕಾದ ಮಾತನ್ನು ಬಾಲ ಮೊದಲು ಬರುವಂತೆ ತಿರುವುಮುರುವಾಗಿ ಜೋಡಿಸಿಕೊಂಡಿದ್ದಳು.

"ನಂಬಬೇಡಿ! ಸುಳ್ಳು ಅದು. ಸುಳ್ಳಾಗಿಸಿದವಳು ನಾನು, ಆ ಔಷಧಿ ಅಂಗಡಿಯ ಮಾತನ್ನ."

"ಮಾತು ಹಿಂದುಮುಂದಾಯ್ತು" ಎಂದು ಹಿರಿಯ ಕಿಸಕ್ಕನೆ ನಕ್ಕ. "ನಾಲ್ಕಕ್ಷರ ಕಲೀಬಾರದಿತ್ತಾ?"

"ಆಗ್ಲಿ ಬಿಡಿ. ಈಗ ಎಲ್ಲಿ ಬೇಕಾದ್ರೂ ಕತ್ತರಿಸ್ಕೊಳ್ಳಿ."

ಯಾರೂ ಆಮೆನ್ ಅನ್ನಲಿಲ್ಲ. ಬೆಂಚುಗಳ ನಡುವೆ ನಡೆದು ಬರುವಾಗ ಹೆಂಗಸರು ಅವಳಿಗೆ ತಾಗದಂತೆ ಸೆರಗು ಎಳೆದುಕೊಂಡರು.

ಸೋಮವಾರ ತಾಯಿಯ ಚೀಟಿ ಹಿಡಿದು ಅಂಗಡಿಗೆ ಹೋದಳು. ಒಡೆದ ಗಾಜಿಗೆ ರಟ್ಟು ಬಡಿದಿತ್ತು. ಅವನು ಚೀಟಿ ಇಸಿದುಕೊಂಡು ಮಾತ್ರೆ ಹುಡುಕಿದ. ಅವಳು ತಿರುಗಿ ರಸ್ತೆ ನೋಡಿದಳು. ಸಾಲಿನಲ್ಲಿ ಅವಳ ಹಿಂದೆ ಯಾರೂ ಇರಲಿಲ್ಲ.